ಗೋದಾಮು ಬದಲಿಸುವ ಮುನ್ನ

ನಮ್ಮ ಕಾಲೇಜಿನ ನೆಕ್ಸ್ಟ್‌ಕ್ಲೌಡ್ ಸರ್ವರ್ ತುಂಬಿದೆ. ಲ್ಯಾಬಿನ ಮೂಲೆಯಲ್ಲಿ ಮಾನಿಟರ್ ಇಲ್ಲದೆ ಕೂತಿರುವ ಆ ಹಳೆಯ ಡೆಸ್ಕ್‌ಟಾಪ್‌ನೊಳಗೆ ಇರುವುದು 256 ಜಿಬಿಯ ಒಂದೇ ಒಂದು ಎಸ್‌ಎಸ್‌ಡಿ. ಎರಡು ವರ್ಷದ ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆಗಳು, ವಾರ್ಷಿಕೋತ್ಸವದ ಫೋಟೊಗಳು, ಸ್ಕಾಲರ್‌ಶಿಪ್‌ಗೆಂದು ನಾವೆಲ್ಲ ಸ್ಕ್ಯಾನ್ ಮಾಡಿ ಹಾಕಿದ ದಾಖಲೆಗಳು ಎಲ್ಲವೂ ಅದರಲ್ಲೇ. ಈಗ ಒಂದು ಸಲಹೆ ಬಂದಿದೆ: ಸರ್ವರ್ ಇದ್ದಲ್ಲೇ ಇರಲಿ, ಕಡತಗಳನ್ನು ಮಾತ್ರ ಆಫೀಸಿನ ನೆಟ್‌ವರ್ಕ್ ಶೇರ್‌ಗೆ ಸಾಗಿಸೋಣ, ಅಲ್ಲಿ ಎರಡು ಡಿಸ್ಕಿನ ಸ್ಟೋರೇಜ್ ಪೆಟ್ಟಿಗೆ ಇದೆ, ಜಾಗ ಬೇಕಾದಷ್ಟಿದೆ ಎಂದು. ಸಾಗಿಸುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಈಗ ಮಾತಾಡುತ್ತಿರುವ ರೀತಿಯಲ್ಲಿ, ಅಂದರೆ ಆಫೀಸಿನ ಎಲ್ಲ ಕಂಪ್ಯೂಟರುಗಳೂ ತೆರೆಯುವ ಅದೇ ಶೇರ್‌ನೊಳಗೆ ಒಂದು ಫೋಲ್ಡರ್ ಮಾಡಿ ಎಲ್ಲವನ್ನೂ ಸುರಿಯುವುದಕ್ಕೆ, ಖಂಡಿತ ವಿರೋಧವಿದೆ. ಯಾಕೆ ಎಂದು ಹೇಳಲು ಈ ಬರಹ.

ಮೊದಲಿಗೆ, ಶೇರ್ ಎಂದ ಕೂಡಲೇ ನನ್ನ ಕ್ಲಾಸಿನವರು ಡಿಮ್ಯಾಟ್ ಖಾತೆ ನೆನಪಿಸಿಕೊಳ್ಳಬೇಡಿ. ಇದು ಬೇರೆ ಶೇರ್. ಒಂದು ಯಂತ್ರದ ಡಿಸ್ಕಿನಲ್ಲಿರುವ ಫೋಲ್ಡರನ್ನು ಇನ್ನೊಂದು ಯಂತ್ರ ತನ್ನದೇ ಫೋಲ್ಡರ್ ಎಂಬಂತೆ ನೆಟ್‌ವರ್ಕ್ ಕೇಬಲ್ ಮೂಲಕ ಬಳಸುವ ವ್ಯವಸ್ಥೆ. ಇದಕ್ಕೆ ಮುಖ್ಯವಾಗಿ ಎರಡು ಭಾಷೆಗಳಿವೆ. ವಿಂಡೋಸ್ ಲೋಕದಲ್ಲಿ ಹೆಚ್ಚು ಓಡಾಡುವುದು ಎಸ್‌ಎಂಬಿ, ಲಿನಕ್ಸ್ ಮತ್ತು ಯೂನಿಕ್ಸ್ ಲೋಕದಲ್ಲಿ ಎನ್‌ಎಫ್‌ಎಸ್. ಎರಡೂ 1980ರ ದಶಕದವು, ನಮ್ಮ ಕೆಲವು ಲೆಕ್ಚರರ್‌ಗಳಿಗಿಂತ ಹಿರಿಯವು. ಆಫೀಸಿನ ಪೆಟ್ಟಿಗೆ ಎರಡನ್ನೂ ಮಾತಾಡುತ್ತದಂತೆ.

ನೆಕ್ಸ್ಟ್‌ಕ್ಲೌಡ್ ಬಗ್ಗೆಯೂ ಒಂದು ಮಾತು. ದಿನಾ ಬಳಸಿದರೂ ಅನೇಕರು ಅದನ್ನು ‘ಕಾಲೇಜಿನ ಗೂಗಲ್ ಡ್ರೈವ್’ ಎಂದೇ ಕರೆಯುತ್ತಾರೆ. 2010ರಲ್ಲಿ ಫ್ರಾಂಕ್ ಕಾರ್ಲಿಚೆಕ್ ಶುರು ಮಾಡಿದ ಓನ್‌ಕ್ಲೌಡ್‌ನಿಂದ 2016ರಲ್ಲಿ ಅವರೇ ಕವಲೊಡೆಸಿದ ಮುಕ್ತ ತಂತ್ರಾಂಶ ಇದು. ನಮ್ಮ ಯಂತ್ರದಲ್ಲಿ ನಾವೇ ಹಾಕಿಕೊಂಡು, ನಮ್ಮ ಕಡತಗಳನ್ನು ನಾವೇ ಇಟ್ಟುಕೊಳ್ಳುವುದು ಇದರ ಉದ್ದೇಶ. ಜರ್ಮನಿಯ ಸರ್ಕಾರಿ ಕಚೇರಿಗಳೂ ಇದನ್ನು ಬಳಸುತ್ತವೆ, ಹಾಗಾಗಿ ಮಕ್ಕಳಾಟವೇನಲ್ಲ.

ಇನ್ನು ವಿಷಯ. ನನ್ನ ಅಬ್ಬು ಹುಣಸೆಹಣ್ಣಿನ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಾರೆ. ಎಷ್ಟು ಚೀಲ ಬಂತು, ಎಷ್ಟು ಹೋಯಿತು, ಯಾವ ಸಾಲಿನಲ್ಲಿ ಯಾರ ಮಾಲು ಇದೆ ಎಂಬುದೆಲ್ಲ ಅವರ ಸ್ಟಾಕ್ ರಿಜಿಸ್ಟರಿನಲ್ಲಿ ಇರುತ್ತದೆ. ಮಾಲು ಗೋದಾಮಿನಲ್ಲಿ, ಮಾಲಿನ ಲೆಕ್ಕ ಪುಸ್ತಕದಲ್ಲಿ. ನೆಕ್ಸ್ಟ್‌ಕ್ಲೌಡ್ ನಡೆಯುವುದು ಥೇಟ್ ಹೀಗೆಯೇ. ನೀವು ಹಾಕುವ ಕಡತ ಡೇಟಾ ಫೋಲ್ಡರಿಗೆ ಹೋಗುತ್ತದೆ. ಆ ಕಡತದ ಹೆಸರು, ಗಾತ್ರ, ಅದು ಯಾರದು, ಯಾರ ಜೊತೆ ಹಂಚಿಕೊಂಡಿದ್ದೀರಿ ಎಂಬ ವಿವರ ಡೇಟಾಬೇಸಿಗೆ ಹೋಗುತ್ತದೆ. ಫೋನಿನಲ್ಲಿ ಪಟ್ಟಿ ತೆರೆದಾಗ ನಿಮಗೆ ಕಾಣುವುದು ಪುಸ್ತಕ, ಗೋದಾಮಲ್ಲ. ಕಡತವನ್ನು ಮುಟ್ಟಿದಾಗ ಮಾತ್ರ ಅದು ಗೋದಾಮಿಗೆ ಓಡುತ್ತದೆ.

ಶೇರ್‌ಗೆ ಸಾಗಿಸುವುದೆಂದರೆ ಗೋದಾಮನ್ನು ಬೇರೆ ಕಟ್ಟಡಕ್ಕೆ ಒಯ್ಯುವುದು. ಪುಸ್ತಕ ಮಾತ್ರ ಇಲ್ಲೇ, ಸರ್ವರಿನ ಸ್ವಂತ ಡಿಸ್ಕಿನಲ್ಲೇ ಇರಬೇಕು. ‘ಎಲ್ಲವನ್ನೂ ಒಟ್ಟಿಗೆ ಅಲ್ಲಿಗೇ ಹಾಕಿಬಿಡೋಣ’ ಎಂದು ಸೈನ್ಸ್ ವಿಭಾಗದ ಗೆಳೆಯರೊಬ್ಬರು ಹೇಳಿದರು. ಬೇಡ. ಡೇಟಾಬೇಸ್ ಕ್ಷಣಕ್ಷಣಕ್ಕೂ ಚಿಕ್ಕಚಿಕ್ಕದಾಗಿ ಬರೆಯುತ್ತದೆ, ಬರೆಯುವ ಮುನ್ನ ಬೀಗ ಹಾಕಿಕೊಳ್ಳುತ್ತದೆ. ನೆಟ್‌ವರ್ಕಿನ ಆಚೆ ಇರುವ ಡಿಸ್ಕಿನಲ್ಲಿ ಆ ಬೀಗ ಸರಿಯಾಗಿ ಬೀಳುತ್ತದೆಂಬ ಖಾತರಿ ಇಲ್ಲ. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸನ್ನು ರಚಿಸಿದವರೇ ಅದನ್ನು ನೆಟ್‌ವರ್ಕ್ ಶೇರ್‌ನಲ್ಲಿ ಇಡುವ ಬಗ್ಗೆ ಎಚ್ಚರಿಸಿದ್ದಾರೆ. ಪುಸ್ತಕ ಕೆಟ್ಟರೆ ಗೋದಾಮಿನ ತುಂಬ ಮಾಲಿದ್ದೂ ಯಾರದು ಯಾವುದು ಎಂದು ತಿಳಿಯದ ಸ್ಥಿತಿ ಬರುತ್ತದೆ.

ಗೋದಾಮು ಬೇರೆ ಕಡೆ ಇದ್ದಾಗ ಒಂದು ದಿನ ಬಾಗಿಲು ತೆರೆಯದೇ ಹೋಗಬಹುದು. ನಮ್ಮಲ್ಲಿ ಕರೆಂಟಿನ ಕಥೆ ಗೊತ್ತೇ ಇದೆ. ಕರೆಂಟ್ ಹೋಗಿ ಬಂದಾಗ ಲ್ಯಾಬಿನ ಸರ್ವರ್ ಮೊದಲು ಏಳುತ್ತದೆ, ಆಫೀಸಿನ ಪೆಟ್ಟಿಗೆ ಇನ್ನೂ ಕಣ್ಣುಜ್ಜುತ್ತಿರುತ್ತದೆ. ಆಗ ಶೇರ್ ಜೋಡಣೆಯಾಗುವುದಿಲ್ಲ. ಜೋಡಣೆಯಾಗಬೇಕಿದ್ದ ಜಾಗದಲ್ಲಿ ಒಂದು ಖಾಲಿ ಫೋಲ್ಡರ್ ಮಾತ್ರ ಇರುತ್ತದೆ. ಎಚ್ಚರ ಇಲ್ಲದ ತಂತ್ರಾಂಶವಾದರೆ ಆ ಖಾಲಿ ಫೋಲ್ಡರಿಗೇ ಹೊಸ ಕಡತ ಬರೆಯುತ್ತಾ ಹೋಗುತ್ತದೆ, ಅಂದರೆ ಗೋದಾಮಿನ ಬೀಗ ತೆಗೆಯಲಿಲ್ಲವೆಂದು ಮಾಲನ್ನು ಜಗುಲಿಯಲ್ಲಿ ಇಳಿಸಿದಂತೆ. ಸಂಜೆ ಶೇರ್ ಜೋಡಣೆಯಾದ ಕೂಡಲೇ ಜಗುಲಿಯ ಮಾಲು ಅದರ ಹಿಂದೆ ಮುಚ್ಚಿಹೋಗುತ್ತದೆ. ಅಳಿದಿರುವುದಿಲ್ಲ, ಆದರೆ ಯಾರಿಗೂ ಕಾಣುವುದಿಲ್ಲ.

ನೆಕ್ಸ್ಟ್‌ಕ್ಲೌಡ್ ಇದಕ್ಕೆ ಒಂದು ಸರಳ ಉಪಾಯ ಮಾಡಿಕೊಂಡಿದೆ, ನನಗೆ ಬಹಳ ಇಷ್ಟವಾದದ್ದು ಇದೇ. ಡೇಟಾ ಫೋಲ್ಡರಿನ ಬೇರಿನಲ್ಲಿ ಅದು ಒಂದು ಗುರುತಿನ ಕಡತ ಇಡುತ್ತದೆ. ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು ಡಾಟ್ ಓಸಿಡೇಟಾ, ಹೊಸದರಲ್ಲಿ ಡಾಟ್ ಎನ್‌ಸಿಡೇಟಾ. ಆ ಗುರುತು ಕಾಣದಿದ್ದರೆ ಇದು ನನ್ನ ಗೋದಾಮಲ್ಲ ಎಂದು ಕೆಲಸ ನಿಲ್ಲಿಸಿ ದೋಷದ ಸಂದೇಶ ತೋರಿಸುತ್ತದೆ. ಆದರೆ ಅವಸರದವರು ಏನು ಮಾಡುತ್ತಾರೆ? ಸಂದೇಶ ಹೋದರೆ ಸಾಕೆಂದು ಆ ಖಾಲಿ ಫೋಲ್ಡರಿನಲ್ಲೇ ಅದೇ ಹೆಸರಿನ ಕಡತವೊಂದನ್ನು ಕೈಯಾರೆ ಸೃಷ್ಟಿಸುತ್ತಾರೆ. ಹೊಗೆ ಬಂದಾಗ ಕೂಗುವ ಗಂಟೆಯ ಬಾಯಿಗೆ ಹತ್ತಿ ತುರುಕಿದ ಹಾಗೆ. ಸರಿಯಾದ ದಾರಿ ಬೇರೆ. ಲಿನಕ್ಸಿನ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಈ ಶೇರ್ ನೆಟ್‌ವರ್ಕ್ ಬಂದ ಮೇಲೆಯೇ ಜೋಡಣೆಯಾಗಲಿ ಎಂದು ಬರೆಯಬೇಕು, ಶೇರ್ ಜೋಡಣೆಯಾಗದೆ ವೆಬ್ ಸರ್ವರ್ ಏಳಬಾರದು ಎಂದು ಸೂಚಿಸಬೇಕು. ಒಂದು ದಿನ ನೋಟ್ಸ್ ಸಿಗದಿದ್ದರೆ ಪ್ರಪಂಚವೇನೂ ಮುಳುಗುವುದಿಲ್ಲ.

ಇನ್ನೊಂದು ಸೂಕ್ಷ್ಮ. ಡೇಟಾ ಫೋಲ್ಡರಿನ ಪೂರ್ತಿ ವಿಳಾಸ ಡೇಟಾಬೇಸಿನಲ್ಲಿ ಬರೆದಿರುತ್ತದೆ. ಹಾಗಾಗಿ ಹೊಸ ಜಾಗಕ್ಕೆ ಹೊಸ ವಿಳಾಸ ಕೊಡುವುದಕ್ಕಿಂತ, ಹಳೆಯ ವಿಳಾಸದಲ್ಲೇ ಶೇರನ್ನು ಜೋಡಿಸುವುದು ಕ್ಷೇಮ. ನೆಕ್ಸ್ಟ್‌ಕ್ಲೌಡ್‌ಗೆ ಮನೆ ಬದಲಾದದ್ದೇ ಗೊತ್ತಾಗುವುದಿಲ್ಲ.

ಇಷ್ಟು ಯಂತ್ರದ ಮಾತು. ಯಾರು ತೆರೆಯಬಹುದು ಎಂಬ ಪ್ರಶ್ನೆ ನನಗೆ ಇದಕ್ಕಿಂತ ದೊಡ್ಡದು.

ನೆಕ್ಸ್ಟ್‌ಕ್ಲೌಡಿನಲ್ಲಿ ನನ್ನ ಕಡತ ನನಗೆ ಮಾತ್ರ ಕಾಣುತ್ತದೆ ಎಂದು ನಾವು ನಂಬಿದ್ದೇವೆ. ಅದು ಮುಂಬಾಗಿಲಿನ ಮಾತು. ಪಾಸ್‌ವರ್ಡ್ ಕೇಳುವುದು ಮುಂಬಾಗಿಲು. ಕಡತಗಳು ಆಫೀಸಿನ ಸಾಮಾನ್ಯ ಶೇರ್‌ನಲ್ಲಿ ಕೂತರೆ ಹಿಂಬಾಗಿಲೊಂದು ತೆರೆದುಕೊಳ್ಳುತ್ತದೆ. ಆಫೀಸಿನ ಯಾವುದೇ ಕಂಪ್ಯೂಟರಿನಲ್ಲಿ ಆ ಡ್ರೈವ್ ತೆರೆದರೆ ಪ್ರತಿಯೊಬ್ಬ ವಿದ್ಯಾರ್ಥಿಯ ಹೆಸರಿನ ಫೋಲ್ಡರ್ ಸಾಲಾಗಿ ಕಾಣುತ್ತದೆ. ಒಳಗಿನ ಕಡತಗಳು ಮೂಲ ಹೆಸರಿನಲ್ಲೇ, ಮೂಲ ರೂಪದಲ್ಲೇ ಇರುತ್ತವೆ. ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅಮ್ಮಿಯ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಸ್ಕಾಲರ್‌ಶಿಪ್ ಅರ್ಜಿ ಹಾಕಿದ ಯಾರನ್ನಾದರೂ ಕೇಳಿ, ಈ ಕಟ್ಟು ಅವರ ಫೋಲ್ಡರಿನಲ್ಲಿ ಇದ್ದೇ ಇರುತ್ತದೆ.

ಆಫೀಸಿನವರ ಮೇಲೆ ನನಗೆ ಅನುಮಾನವಿಲ್ಲ. ನಮ್ಮ ಫೀಸಿನ ಕಂತಿಗೆ ಎಷ್ಟು ಸಲ ಗಡುವು ವಿಸ್ತರಿಸಿಕೊಟ್ಟಿದ್ದಾರೆ ಎಂಬುದು ನನಗೆ ಗೊತ್ತು. ಆದರೆ ಅಲ್ಲಿನ ಕಂಪ್ಯೂಟರಿನ ಮುಂದೆ ಯಾರು ಯಾರು ಕೂರುತ್ತಾರೆ ಎಂಬುದೂ ಗೊತ್ತು. ಪ್ರಿಂಟ್ ತೆಗೆಯಲು ಬಂದ ಹುಡುಗರು, ರಿಪೇರಿಗೆ ಬಂದವರು, ಪರೀಕ್ಷೆ ಸಮಯದಲ್ಲಿ ಹೊರಗಿನಿಂದ ಬಂದವರು. ನಮ್ಮ ಬೀದಿಯ ಒಂದು ಸೈಬರ್ ಅಂಗಡಿಯ ಕಂಪ್ಯೂಟರಿನ ಪರದೆಯ ಮೇಲೆ ನನ್ನ ಖಾಲಾರ ಆಧಾರ್ ಪ್ರತಿ ತಿಂಗಳುಗಟ್ಟಲೆ ಹಾಗೆಯೇ ಬಿದ್ದಿತ್ತು. ಅಂಗಡಿಯವರು ಕೆಟ್ಟವರಲ್ಲ, ಅಳಿಸುವ ನೆನಪಾಗಿರಲಿಲ್ಲ ಅಷ್ಟೆ. ನೋಡಿ ಹೇಳಿದ್ದು ಅಲ್ಲಿಗೆ ಜೆರಾಕ್ಸ್‌ಗೆ ಹೋಗಿದ್ದ ಯಾರೋ ಅಪರಿಚಿತರು.

ಫೋಟೊಗಳ ಮಾತೂ ಇದೆ. ವಾರ್ಷಿಕೋತ್ಸವದಲ್ಲಿ ಫೋಟೊ ತೆಗೆಸಿಕೊಳ್ಳಲು ನಮ್ಮಲ್ಲಿ ಎಷ್ಟೋ ಹುಡುಗಿಯರು ಒಪ್ಪಿದ್ದು ಕಾಲೇಜಿನ ಹೊರಗೆ ಹೋಗುವುದಿಲ್ಲ ಎಂಬ ಮಾತಿನ ಮೇಲೆ. ಕೆಲವರು ಮನೆಯಲ್ಲಿ ಅದೇ ಮಾತು ಕೊಟ್ಟು ಅನುಮತಿ ಪಡೆದಿದ್ದಾರೆ. ಒಂದು ಫೋಟೊ ಯಾರದೋ ಸ್ಟೇಟಸ್‌ಗೆ ಹೋದರೆ ಮುಂದಿನ ವರ್ಷ ವೇದಿಕೆ ಹತ್ತುವ ಹುಡುಗಿಯರ ಸಂಖ್ಯೆ ಇಳಿಯುತ್ತದೆ. ಇದು ಊಹೆಯಲ್ಲ, ನಮ್ಮ ಮನೆಗಳನ್ನು ಬಲ್ಲವರಿಗೆಲ್ಲ ತಿಳಿದ ಸಂಗತಿ.

ನಮ್ಮ ಮನೆಯಲ್ಲಿ ಇಂಥದ್ದಕ್ಕೆ ಅಮಾನತ್ ಎನ್ನುತ್ತಾರೆ. ಬೇರೆಯವರು ನಂಬಿ ಇಟ್ಟ ವಸ್ತು, ಕೇಳಿದಾಗ ಹಾಗೆಯೇ ಮರಳಿಸಬೇಕಾದದ್ದು. ಕನ್ನಡ ಪತ್ರಿಕೆಯಲ್ಲಿ ‘ಅಧಿಕಾರಿ ಅಮಾನತು’ ಎಂಬ ತಲೆಬರಹವನ್ನು ಚಿಕ್ಕವಳಿದ್ದಾಗ ಮೊದಲ ಸಲ ಓದಿ, ಅಧಿಕಾರಿಯನ್ನು ಯಾರ ಹತ್ತಿರ ಜೋಪಾನಕ್ಕೆ ಇಟ್ಟರು ಎಂದು ಅಬ್ಬುವನ್ನು ಕೇಳಿದ್ದೆನಂತೆ. ಒಂದೇ ಪದ ಎರಡು ಭಾಷೆಯಲ್ಲಿ ಎಷ್ಟು ದೂರ ಹೋಗಿದೆ ನೋಡಿ. ಆದರೆ ಸರ್ವರಿನ ವಿಷಯದಲ್ಲಿ ನನಗೆ ಬೇಕಾದದ್ದು ಮನೆಯ ಅರ್ಥವೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ತುಂಬದವರನ್ನು ಮಗು ಎಂದೇ ಪರಿಗಣಿಸಿ ಅವರ ಮಾಹಿತಿಗೆ ಹೆಚ್ಚಿನ ರಕ್ಷಣೆ ಹೇಳುತ್ತದೆ. ಆ ಲೆಕ್ಕದಲ್ಲಿ ನಾನು, ನೀವು, ಈ ಕಾಲೇಜಿನ ಬಹುಪಾಲು ಜನ ಮಕ್ಕಳೇ. ಬೇರೆ ಸಮಯದಲ್ಲಿ ಹೀಗೆ ಕರೆದರೆ ಸಿಟ್ಟು ಬರುತ್ತದೆ, ಇಲ್ಲಿ ಬರುವುದಿಲ್ಲ.

ಹಾಗಾದರೆ ಮಾಡಬೇಕಾದದ್ದು ಏನು? ಅದೇ ಪೆಟ್ಟಿಗೆಯಲ್ಲಿ ಪ್ರತ್ಯೇಕ ಶೇರ್ ಒಂದನ್ನು ಸೃಷ್ಟಿಸುವುದು. ಹೆಚ್ಚಿನ ಖರ್ಚಿಲ್ಲ, ಹತ್ತು ನಿಮಿಷದ ಕೆಲಸ. ಅದಕ್ಕೆ ಪ್ರತ್ಯೇಕ ಬಳಕೆದಾರ ಹೆಸರು, ಉದ್ದದ ಪಾಸ್‌ವರ್ಡ್. ಆ ಹೆಸರಿನಲ್ಲಿ ಲಾಗಿನ್ ಆಗುವುದು ನಮ್ಮ ಸರ್ವರ್ ಮಾತ್ರ, ಮನುಷ್ಯರು ಯಾರೂ ಅಲ್ಲ. ಎಸ್‌ಎಂಬಿ ಮೂಲಕ ಜೋಡಿಸಿದರೆ ಕಡತಗಳ ಒಡೆಯ ಯಾರು, ಅನುಮತಿ ಎಷ್ಟು ಎಂಬುದನ್ನು ಜೋಡಿಸುವ ಹೊತ್ತಿನಲ್ಲೇ ಹೇಳಿಬಿಡಬೇಕು, ಆಮೇಲೆ ಬದಲಿಸಲು ಹೋದರೆ ಸಾಮಾನ್ಯವಾಗಿ ಕೇಳುವುದಿಲ್ಲ. ಉಬುಂಟುವಿನಲ್ಲಿ ವೆಬ್ ಸರ್ವರಿನ ಬಳಕೆದಾರ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ, ಅವನ ಸಂಖ್ಯೆ 33. ಅನುಮತಿ 0770 ಇರಬೇಕು, ಅಂದರೆ ಒಡೆಯ ಮತ್ತು ಅವನ ಗುಂಪಿಗೆ ಎಲ್ಲ, ಉಳಿದವರಿಗೆ ಸೊನ್ನೆ. ಬೇರೆಯವರಿಗೂ ಓದಲು ಬರುವಂತಿದ್ದರೆ ನೆಕ್ಸ್ಟ್‌ಕ್ಲೌಡ್ ತಾನೇ ತಕರಾರು ತೆಗೆಯುತ್ತದೆ. ಈ ಪರಿಶೀಲನೆಯನ್ನು ಆಫ್ ಮಾಡುವ ಸೆಟ್ಟಿಂಗ್ ಒಂದಿದೆ, ಅದನ್ನು ಯಾರೂ ಮುಟ್ಟಬಾರದು ಎಂದು ನನ್ನ ವಿನಂತಿ.

ಎನ್‌ಎಫ್‌ಎಸ್ ವೇಗವಾಗಿದೆ, ಅದನ್ನೇ ಬಳಸೋಣ ಎನ್ನುವವರಿದ್ದಾರೆ. ಲಿನಕ್ಸಿಗೆ ಅದು ಹೊಂದುವುದು ನಿಜ. ಆದರೆ ಸಾಮಾನ್ಯ ವ್ಯವಸ್ಥೆಯಲ್ಲಿ ಎನ್‌ಎಫ್‌ಎಸ್ ಪಾಸ್‌ವರ್ಡ್ ಕೇಳುವುದಿಲ್ಲ. ಬಂದ ಕಂಪ್ಯೂಟರಿನ ವಿಳಾಸ ನೋಡುತ್ತದೆ, ಅದು ಹೇಳಿದ ಬಳಕೆದಾರ ಸಂಖ್ಯೆಯನ್ನು ನಂಬುತ್ತದೆ. ಲ್ಯಾಬಿನ ನೆಟ್‌ವರ್ಕಿಗೆ ಯಾರು ಬೇಕಾದರೂ ಲ್ಯಾಪ್‌ಟಾಪ್ ಸಿಕ್ಕಿಸುವ ನಮ್ಮಂಥ ಕಡೆ, ಸರ್ವರಿನ ವಿಳಾಸವನ್ನು ತನ್ನದೆಂದು ಹೇಳಿಕೊಂಡು 33 ಎನ್ನುವುದು ಕಷ್ಟದ ಕೆಲಸವಲ್ಲ. ಎನ್‌ಎಫ್‌ಎಸ್ ಬೇಕೇ ಬೇಕು ಎನ್ನುವುದಾದರೆ ಸರ್ವರ್ ಮತ್ತು ಪೆಟ್ಟಿಗೆಯ ನಡುವೆ ಬೇರೆಯೇ ಕೇಬಲ್ ಎಳೆಯಿರಿ. ಇಲ್ಲದಿದ್ದರೆ ಎಸ್‌ಎಂಬಿಯ ಮೂರನೆಯ ಆವೃತ್ತಿಯೇ ಸಾಕು. ಮೊದಲನೆಯ ಆವೃತ್ತಿ ಮಾತ್ರ ಪೆಟ್ಟಿಗೆಯಲ್ಲಿ ಬಂದ್ ಆಗಿರಲಿ. 2017ರ ಮೇ ತಿಂಗಳಲ್ಲಿ ಬ್ರಿಟನ್ನಿನ ಆಸ್ಪತ್ರೆಗಳ ಕೆಲಸ ನಿಲ್ಲಿಸಿದ ವಾನ್ನಾಕ್ರೈ ಹರಡಿದ್ದು ಆ ಹಳೆಯ ಆವೃತ್ತಿಯ ದೋಷದ ಮೂಲಕವೇ. ಅಂಥ ವೈರಸ್ ಒಂದು ಆಫೀಸಿನ ಕಂಪ್ಯೂಟರಿಗೆ ಬಂದರೆ ಅದಕ್ಕೆ ಜೋಡಿಸಿದ ಶೇರ್‌ಗಳನ್ನೂ ಬೀಗ ಜಡಿದು ಕೂರುತ್ತದೆ. ನಮ್ಮ ಶೇರ್ ಆ ಕಂಪ್ಯೂಟರಿಗೆ ಜೋಡಣೆಯಾಗದೇ ಇರಬೇಕು ಎನ್ನಲು ಇದೂ ಒಂದು ಕಾರಣ.

ವೇಗದ ಲೆಕ್ಕ ಹೇಳಿಬಿಡುತ್ತೇನೆ. ಲ್ಯಾಬಿನ ಹಳೆಯ ಸ್ವಿಚ್ 100 ಎಂಬಿಪಿಎಸ್‌ನದು. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ. ಗಿಗಾಬಿಟ್ ಸ್ವಿಚ್ ಹಾಕಿದರೆ 125. ಗೋದಾಮು ಹೊರಗೆ ಹೋದ ಮೇಲೆ ಪ್ರತಿ ಕಡತ ಫೋನಿನಿಂದ ಸರ್ವರಿಗೆ, ಸರ್ವರಿನಿಂದ ಪೆಟ್ಟಿಗೆಗೆ ಎಂದು ಎರಡು ಸಲ ಪ್ರಯಾಣ ಮಾಡುತ್ತದೆ, ಫೋಟೊಗಳ ಪುಟ್ಟ ಮಾದರಿಚಿತ್ರಗಳು ಕೂಡ. ಸ್ವಿಚ್ ಬದಲಿಸದೆ ಸಾಗಿಸಿದರೆ ‘ಹೊಸ ವ್ಯವಸ್ಥೆ ನಿಧಾನ’ ಎಂದು ಎರಡೇ ವಾರದಲ್ಲಿ ಎಲ್ಲರೂ ವಾಟ್ಸ್‌ಆ್ಯಪ್ ಗುಂಪಿಗೆ ಹಿಂತಿರುಗುತ್ತಾರೆ.

ಆಫೀಸಿನವರ ಒಂದು ವಾದ ನ್ಯಾಯವಾದದ್ದು. ವಾರ್ಷಿಕೋತ್ಸವದ ಫೋಟೊ, ಸುತ್ತೋಲೆಗಳು ಅವರಿಗೂ ನೇರವಾಗಿ ಬೇಕು. ಅದಕ್ಕೆ ನೆಕ್ಸ್ಟ್‌ಕ್ಲೌಡಿನಲ್ಲೇ ಎಕ್ಸ್‌ಟರ್ನಲ್ ಸ್ಟೋರೇಜ್ ಎಂಬ ಬೇರೆ ವ್ಯವಸ್ಥೆ ಇದೆ, ಆಫೀಸಿನ ಆಯ್ದ ಫೋಲ್ಡರೊಂದನ್ನು ಪಕ್ಕದಲ್ಲಿ ತೋರಿಸುತ್ತದೆ. ಅಲ್ಲಿ ಎರಡೂ ಕಡೆಯಿಂದ ಕೈಯಾಡಿಸಬಹುದು. ಮೂಲ ಡೇಟಾ ಫೋಲ್ಡರಿಗೆ ಮಾತ್ರ ನೇರವಾಗಿ ಕೈ ಹಾಕಬಾರದು. ಅಲ್ಲಿ ಯಾರೋ ಒಂದು ಕಡತ ತಂದಿಟ್ಟರೆ, ಸ್ಕ್ಯಾನ್ ಆದೇಶ ಕೊಡುವ ತನಕ ಪುಸ್ತಕಕ್ಕೆ ಅದು ಗೊತ್ತಿಲ್ಲ. ಯಾರೋ ಒಂದನ್ನು ಅಳಿಸಿದರೆ ಪುಸ್ತಕದಲ್ಲಿ ಅದು ಇನ್ನೂ ಇದೆ. ನಮ್ಮ ಅಕೌಂಟೆನ್ಸಿ ಮೇಡಂ ನೋಡಿದರೆ ಕೆಂಪು ಪೆನ್ನು ತೆಗೆಯುತ್ತಾರೆ.

‘ಇಷ್ಟೆಲ್ಲ ತಲೆನೋವು ಯಾಕೆ, ಸರ್ವರಿನೊಳಗೇ ದೊಡ್ಡ ಡಿಸ್ಕ್ ಹಾಕಿಬಿಡಿ’ ಎಂದು ಕೇಳುವವರಿಗೆ ನನ್ನಲ್ಲಿ ಜಾಣ ಉತ್ತರವಿಲ್ಲ. ನಿಜಕ್ಕೂ ಅದು ಹೆಚ್ಚು ಸರಳ. ಒಂದೇ ಯಂತ್ರ ಇರುವ ಮನೆಯಲ್ಲಾದರೆ ನಾನೂ ಹಾಗೆಯೇ ಮಾಡಲು ಹೇಳುತ್ತಿದ್ದೆ. ನಮ್ಮಲ್ಲಿ ಪೆಟ್ಟಿಗೆ ಈಗಾಗಲೇ ಇದೆ, ಯುಪಿಎಸ್ ಇದೆ, ಬೀಗ ಹಾಕುವ ಕೋಣೆಯಲ್ಲಿದೆ. ಲ್ಯಾಬಿನ ಡೆಸ್ಕ್‌ಟಾಪ್ ಕೆಟ್ಟರೆ ಬೇರೊಂದನ್ನು ತಂದಿಟ್ಟು ಅದೇ ಗೋದಾಮಿಗೆ ಜೋಡಿಸಬಹುದು, ಪುಸ್ತಕದ ಪ್ರತಿ ಉಳಿದಿದ್ದರೆ. ಈ ‘ಇದ್ದರೆ’ ಎಂಬಲ್ಲಿಯೇ ನನ್ನ ಕೊನೆಯ ಮಾತಿದೆ.

ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಇದೆ, ಒಂದರ ಪ್ರತಿ ಇನ್ನೊಂದರಲ್ಲಿ ಇರುತ್ತದೆ, ಹಾಗಾಗಿ ಬ್ಯಾಕಪ್ ಬೇಡ ಎಂಬ ಮಾತು ಸ್ಟಾಫ್ ರೂಮಿನಲ್ಲೂ ಕೇಳಿಬಂದಿದೆ. ಎರಡು ಡಿಸ್ಕ್ ಕಾಪಾಡುವುದು ಒಂದು ಡಿಸ್ಕ್ ಸತ್ತಾಗ ಮಾತ್ರ. ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಆ ಅಳಿಸುವಿಕೆ ಎರಡಕ್ಕೂ ಅದೇ ಕ್ಷಣ ಹೋಗುತ್ತದೆ. ಪೆಟ್ಟಿಗೆಯೇ ಕಳವಾದರೆ, ಸಿಡಿಲು ಬಡಿದರೆ, ಬೆಂಕಿ ಬಿದ್ದರೆ ಎರಡೂ ಒಟ್ಟಿಗೆ ಹೋಗುತ್ತವೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಸರ್ಕಾರದ್ದೇ ದತ್ತಾಂಶ ಕೇಂದ್ರಕ್ಕೆ ಬ್ಯಾಟರಿಯಿಂದ ಬೆಂಕಿ ಬಿತ್ತು. ಅಲ್ಲಿನ ನೌಕರರು ಕಚೇರಿಯ ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ಸರ್ಕಾರಿ ಕ್ಲೌಡ್ ಅದರಲ್ಲಿ ಸುಟ್ಟುಹೋಯಿತು. 858 ಟೆರಾಬೈಟ್. ಬೇರೆ ಊರಿನಲ್ಲಿ ಪ್ರತಿ ಇರಲಿಲ್ಲ, ಗಾತ್ರ ತೀರಾ ದೊಡ್ಡದು ಎಂಬ ಕಾರಣಕ್ಕೆ ಇಟ್ಟಿರಲಿಲ್ಲ. ತಂತ್ರಜ್ಞಾನದಲ್ಲಿ ಜಗತ್ತಿಗೆ ಪಾಠ ಹೇಳುವ ದೇಶ ಅದು. ನಮ್ಮದು ಇಡೀ ಕಾಲೇಜಿನದು ಸೇರಿದರೂ ಒಂದು ಟೆರಾಬೈಟಿನ ನಾಲ್ಕನೇ ಒಂದು ಭಾಗ. ದೊಡ್ಡದು ಎಂಬ ನೆಪ ನಮಗಿಲ್ಲ.

ಬ್ಯಾಕಪ್ ತೆಗೆಯುವಾಗಲೂ ಪುಸ್ತಕ ಮತ್ತು ಗೋದಾಮು ಒಂದೇ ಹೊತ್ತಿನವಾಗಿರಬೇಕು. ಮಾರ್ಚ್ 31ರಂದು ಅಬ್ಬು ಗೋದಾಮಿನ ಬಾಗಿಲು ಹಾಕಿ, ಮಾಲು ಒಳಗೂ ಹೊರಗೂ ಹೋಗದಂತೆ ನಿಲ್ಲಿಸಿ ಚೀಲ ಎಣಿಸುತ್ತಾರೆ. ನೆಕ್ಸ್ಟ್‌ಕ್ಲೌಡಿನಲ್ಲಿ ಅದಕ್ಕೆ ಮೇಂಟೆನೆನ್ಸ್ ಮೋಡ್ ಎನ್ನುತ್ತಾರೆ. ಅದನ್ನು ಆನ್ ಮಾಡಿ, ಡೇಟಾಬೇಸ್, ಡೇಟಾ ಫೋಲ್ಡರ್, ಜೊತೆಗೆ ಕಾನ್ಫಿಗ್ ಕಡತ ಮೂರನ್ನೂ ಹೊರಗಿನ ಡಿಸ್ಕಿಗೆ ಇಳಿಸಿ, ಮತ್ತೆ ಆಫ್ ಮಾಡುವುದು. ವಾರಕ್ಕೊಮ್ಮೆ, ಶುಕ್ರವಾರ ಮಧ್ಯಾಹ್ನ ಲ್ಯಾಬ್ ಖಾಲಿ ಇರುವ ಹೊತ್ತು ಸರಿಹೋಗುತ್ತದೆ. ಡಿಸ್ಕ್ ಕಾಲೇಜಿನಲ್ಲೇ ಇರಬಾರದು, ಎನ್‌ಕ್ರಿಪ್ಟ್ ಆಗದೆ ಹೊರಗೂ ಹೋಗಬಾರದು. ಟರ್ಮಿಗೊಮ್ಮೆ ಅದರಿಂದ ಒಂದಿಷ್ಟು ಕಡತಗಳನ್ನು ನಿಜವಾಗಿ ಮರಳಿ ತೆಗೆದು ನೋಡಬೇಕು. ಟ್ರಯಲ್ ಬ್ಯಾಲೆನ್ಸ್ ಹಾಕದ ಲೆಡ್ಜರನ್ನು ನಾವು ನಂಬುತ್ತೇವೆಯೇ?

ಸಾಗಾಣಿಕೆ ದಸರಾ ರಜೆಯಲ್ಲಿ ಎಂದು ಲ್ಯಾಬಿನ ಸರ್ ಹೇಳಿದ್ದಾರೆ. ಅಷ್ಟರೊಳಗೆ ಪ್ರತ್ಯೇಕ ಶೇರ್, ಗಿಗಾಬಿಟ್ ಸ್ವಿಚ್, ಹೊರಗಿನ ಒಂದು ಡಿಸ್ಕ್ ಮತ್ತು ಇದಕ್ಕೆ ಹೊಣೆಯಾಗುವ ಇಬ್ಬರ ಹೆಸರು ನೋಟಿಸ್ ಬೋರ್ಡಿಗೆ ಬರಬೇಕು. ಒಬ್ಬರಲ್ಲ, ಇಬ್ಬರು, ಏಕೆಂದರೆ ಸರ್ ವರ್ಗವಾಗಿ ಹೋದರೆ ಪಾಸ್‌ವರ್ಡೂ ಜೊತೆಗೆ ಹೋಗಬಾರದು. ಇವು ಸಿದ್ಧವಾಗದಿದ್ದರೆ ಸಾಗಾಣಿಕೆಯನ್ನು ಡಿಸೆಂಬರಿಗೆ ಮುಂದೂಡಲಿ. ಅಲ್ಲಿಯವರೆಗೆ ಜಾಗ ಬೇಕಿದ್ದರೆ ಕ್ರೀಡಾಕೂಟದ ವಿಡಿಯೊಗಳನ್ನು ನೋಡಿ. ಒಂದೇ ರಿಲೇ ಓಟವನ್ನು ಏಳು ಜನ ಏಳು ಫೋನಿನಲ್ಲಿ ತೆಗೆದು ಏಳನ್ನೂ ಅಪ್‌ಲೋಡ್ ಮಾಡಿದ್ದಾರೆ. ಆರನ್ನು ಅಳಿಸಿದರೆ ಎರಡು ತಿಂಗಳು ಧಾರಾಳವಾಗಿ ದೂಡಬಹುದು.